ಮುತವಲ್ಲಿಯ ಕುರ್ಚಿ, ಸಂಘದ ಪುಸ್ತಕ

ಹದಿನೈದು ವರ್ಷಗಳ ಹಿಂದಿನ ಮಾತು. ಊರಿನ ಹೆಸರು ಬೇಡ. ಅಲ್ಲಿನ ಮಸೀದಿ ಕಮಿಟಿಗೆ ‘ಓದಿದ ಹುಡುಗ’ ಎಂಬ ಕಾರಣಕ್ಕೆ ನನ್ನನ್ನೂ ಮೆಂಬರ್ ಮಾಡಿಕೊಂಡಿದ್ದರು. ಒಂದು ಶುಕ್ರವಾರ ಜುಮ್ಮಾ ನಮಾಜು ಮುಗಿದು ಜನ ಚದುರಿದ ಮೇಲೆ ಕಮಿಟಿ ಕೋಣೆಯ ಹೊರಗೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಸೊಂಟದಲ್ಲೊಂದು ಮಗು, ಕೈ ಹಿಡಿದುಕೊಂಡು ಇನ್ನೊಂದು. ಗಂಡ ಏಳು ತಿಂಗಳಿಂದ ಮನೆಗೆ ಬಂದಿಲ್ಲ, ಬೇರೆ ಊರಿನಲ್ಲಿ ಇನ್ನೊಂದು ನಿಕಾಹ್ ಆಗಿದೆಯಂತೆ, ಮಕ್ಕಳ ಖರ್ಚಿಗಾದರೂ ಕೊಡಿಸಿ ಎಂದಳು. ನಮ್ಮ ಸದರ್ ಸಾಹೇಬರು ಕೆಟ್ಟವರಲ್ಲ. ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ಮಗುವಿನ ಕೈಗಿಟ್ಟರು. ‘ಮುಂದಿನ ಜುಮ್ಮಾಕ್ಕೆ ಬಾ ಬೇಟಿ, ಅವನನ್ನು ಕರೆಸಿ ಮಾತಾಡೋಣ’ ಅಂದರು. ಮುಂದಿನ ಜುಮ್ಮಾ ಬಂದಾಗ ಮಿನಾರಿಗೆ ಯಾವ ಬಣ್ಣ ಹೊಡೆಸಬೇಕೆಂಬ ಚರ್ಚೆ ನಡೆದಿತ್ತು. ಅದರ ಮುಂದಿನ ವಾರ ಸದರ್ ಸಾಹೇಬರು ಊರಲ್ಲಿರಲಿಲ್ಲ. ನಾಲ್ಕನೇ ವಾರ ಅವಳೇ ಬರಲಿಲ್ಲ.

ನಾನು ಮಾಡಿದ್ದೇನು? ಆ ವರ್ಷ ಒಂದು ಕತೆ ಬರೆದೆ. ಕತೆಯ ಸದರ್‌ಗೆ ದೊಡ್ಡ ಹೊಟ್ಟೆ, ಅತ್ತರಿನ ವಾಸನೆ, ಬೆರಳಲ್ಲಿ ಉಂಗುರ ಎಲ್ಲವನ್ನೂ ಕೊಟ್ಟೆ. ಕತೆ ಅಚ್ಚಾಯಿತು, ಮೆಚ್ಚುಗೆಯ ಪತ್ರಗಳು ಬಂದವು, ಸಮುದಾಯದ ಒಳಗಿನಿಂದ ಬಂದ ದಿಟ್ಟ ದನಿ ಎಂದು ಯಾರೋ ಬರೆದರು. ಮೊನ್ನೆ ಆ ಹೆಣ್ಣುಮಗಳ ಹೆಸರನ್ನು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಕಮಿಟಿಯ ಪುಸ್ತಕದಲ್ಲಾದರೂ ಇದ್ದೀತೆಂದರೆ ಅಲ್ಲಿ ಬಣ್ಣದ ಡಬ್ಬಿಗಳ ಲೆಕ್ಕವಿದೆ, ಅವಳು ಬಂದುಹೋದ ಗುರುತಿಲ್ಲ. ನಾನು ಕತೆ ಬರೆದೆ, ಅವಳ ಅರ್ಜಿ ಬರೆಯಲಿಲ್ಲ. ಆ ಕೋಣೆಯಲ್ಲಿ ಪೆನ್ನು ಹಿಡಿಯಬಲ್ಲವನು ನಾನೇ ಆಗಿದ್ದೆ.

ಈ ನಾಚಿಕೆಯಿಂದಲೇ ನಾನು ಬಾನು ಮುಷ್ತಾಕರ ಕತೆಗಳನ್ನು ಇತ್ತೀಚೆಗೆ ಮತ್ತೊಮ್ಮೆ ಓದಿದೆ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡಕ್ಕೆ ಸಂದ ಗೌರವದ ಬಗ್ಗೆ ಬೇಕಾದಷ್ಟು ಬರೆದದ್ದಾಯಿತು. ಕತೆಗಳ ಒಳಗಿರುವ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಅಷ್ಟಾಗಿ ಕೈಗೆತ್ತಿಕೊಂಡಂತೆ ಕಾಣಲಿಲ್ಲ. ನಮ್ಮ ಮೊಹಲ್ಲಾಗಳನ್ನು ನಡೆಸುವ ಸಂಸ್ಥೆಗಳು ಎಂಥವು? ಮಸೀದಿ ಕಮಿಟಿ, ಅಂಜುಮನ್, ಬೈತುಲ್ ಮಾಲ್, ಯುವಕರ ಕಮಿಟಿ, ಹೆಂಗಸರ ಸಂಘ ಇವೆಲ್ಲ ಕಷ್ಟದಲ್ಲಿ ಬಂದವರಿಗೆ ಒದಗಬಲ್ಲವೆ? ಒದಗಬೇಕಾದರೆ ಅವಕ್ಕೆ ಏನು ಬೇಕು?

* * *

‘ಕರಿ ನಾಗರಗಳು’ ಕತೆಯನ್ನು ಬಹಳ ಜನ ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರದ ಮೂಲಕ ಬಲ್ಲರು. 2004ರ ಆ ಚಿತ್ರದ ನಟನೆಗೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮೂಲ ಕತೆಯಲ್ಲಿ ಅವಳ ಹೆಸರು ಅಶ್ರಫ್. ಸಾಲಾಗಿ ಹೆಣ್ಣುಮಕ್ಕಳಾದವೆಂದು ಗಂಡ ಯಾಕೂಬ್ ಬಿಟ್ಟುಹೋಗಿದ್ದಾನೆ. ಕೂಸಿಗೆ ಕಾಯಿಲೆ. ನ್ಯಾಯ ಕೇಳಲು ಅವಳು ಮುತವಲ್ಲಿಯ ಬಾಗಿಲಿಗೆ ಮತ್ತೆ ಮತ್ತೆ ಬರುತ್ತಾಳೆ, ಅವರು ಮುಂದೂಡುತ್ತಲೇ ಹೋಗುತ್ತಾರೆ. ಕೊನೆಗೆ ಅವಳು ಮಸೀದಿಗೇ ಬಂದು ಕೂರುತ್ತಾಳೆ. ಮಗು ಉಳಿಯುವುದಿಲ್ಲ. ಆಮೇಲೆ ಓಣಿಯ ಹೆಂಗಸರ ಶಾಪ ಮುತವಲ್ಲಿಯ ಬೆನ್ನು ಹತ್ತುತ್ತದೆ.

ಈ ಕತೆಯನ್ನು ನಾವು ಓದಿಕೊಂಡು ಬಂದ ರೀತಿ ಒಂದೇ. ಮುತವಲ್ಲಿ ದುಷ್ಟ, ಅಶ್ರಫ್ ದಿಟ್ಟೆ, ಧರ್ಮದ ಹೆಸರಿನಲ್ಲಿ ಗಂಡಾಳಿಕೆ. ತಪ್ಪು ಓದಲ್ಲ ಇದು. ಬಂಡಾಯದ ಕಾಲದಿಂದ ನಾವೆಲ್ಲ ಕಲಿತದ್ದೂ ಇದನ್ನೇ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದಾಗ ಕನ್ನಡ ಓದುಗ ನಾದಿರಾಳ ಕಣ್ಣೀರಿನ ಜೊತೆಗೆ ಅವಳ ಅಪ್ಪನ ಹಟವನ್ನೂ ಕಂಡ. ಯಾರು ತಪ್ಪು ಮಾಡಿದರು ಎಂಬುದನ್ನು ಬೆರಳು ಮಾಡಿ ತೋರಿಸುವುದೇ ಆಗ ದೊಡ್ಡ ಧೈರ್ಯವಾಗಿತ್ತು. ಮಸೀದಿಗೆ ಹೋಗುವ ಹಕ್ಕು ಹೆಣ್ಣಿಗೂ ಇದೆ ಎಂದದ್ದಕ್ಕೆ 2000ದಲ್ಲಿ ಬಹಿಷ್ಕಾರ ಎದುರಿಸಿದ ಬಾನು ಅವರಿಗೆ ಆ ಧೈರ್ಯದ ಬೆಲೆ ಗೊತ್ತು.

ಆದರೆ ಕತೆಯನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಆ ಮೊಹಲ್ಲಾದಲ್ಲಿ ಯಾರ ಹತ್ತಿರ ಏನಿದೆ? ಶರೀಅತ್ ಹೆಣ್ಣಿಗೆ ಏನೇನು ಕೊಟ್ಟಿದೆ ಎಂಬ ತಿಳಿವಳಿಕೆ ಓದಿಕೊಂಡ ಜುಲೇಖಾ ಬೇಗಂ ಹತ್ತಿರ ಇದೆ. ಛಲ ಅಶ್ರಫಳ ಹತ್ತಿರ ಇದೆ. ನೈತಿಕ ಸಿಟ್ಟು ಓಣಿಯ ಹೆಂಗಸರಲ್ಲಿದೆ. ತನ್ನ ದೇಹದ ಬಗ್ಗೆ ತಾನೇ ತೀರ್ಮಾನ ಮಾಡುವ ಗಟ್ಟಿತನ ಕೊನೆಯಲ್ಲಿ ಮುತವಲ್ಲಿಯ ಹೆಂಡತಿ ಅಮೀನಾಳಲ್ಲೇ ಹುಟ್ಟುತ್ತದೆ. ಅಂದರೆ ಒಂದು ನ್ಯಾಯದ ಸಂಸ್ಥೆಗೆ ಬೇಕಾದ ಎಲ್ಲವೂ ಆ ಓಣಿಯಲ್ಲಿದೆ. ಎಲ್ಲವೂ ಇರುವುದು ಕಮಿಟಿಯ ಹೊರಗೆ. ಕಮಿಟಿಯ ಒಳಗಿರುವುದು ಒಂದು ಕುರ್ಚಿ, ಅದರ ಮೇಲೊಬ್ಬ ಮನುಷ್ಯ.

ಈಗ ಆ ಕುರ್ಚಿಯಿಂದ ಅವನನ್ನು ಎಬ್ಬಿಸಿ ಒಬ್ಬ ಒಳ್ಳೆಯವನನ್ನು ಕೂರಿಸೋಣ. ಅಶ್ರಫಳಿಗೆ ನ್ಯಾಯ ಸಿಗುತ್ತಿತ್ತೆ? ನಮ್ಮ ಸದರ್ ಸಾಹೇಬರ ಉದಾಹರಣೆಯಿಂದ ಹೇಳುವುದಾದರೆ, ಅವಳಿಗೆ ಇನ್ನೂರು ರೂಪಾಯಿ ಸಿಗುತ್ತಿತ್ತು. ಅರ್ಜಿಯನ್ನು ಬರೆದುಕೊಳ್ಳುವ ಪುಸ್ತಕವಿಲ್ಲ, ಎಷ್ಟು ದಿನದೊಳಗೆ ಉತ್ತರ ಹೇಳಬೇಕೆಂಬ ನಿಯಮವಿಲ್ಲ, ಗಂಡನಿಗೆ ನೋಟಿಸು ಕಳಿಸುವ ಕ್ರಮವಿಲ್ಲ, ಕೋರ್ಟಿಗೆ ಹೋಗಬೇಕಾದರೆ ಯಾವ ವಕೀಲರ ಹತ್ತಿರ ಕಳಿಸಬೇಕೆಂಬ ತಿಳಿವಳಿಕೆಯಿಲ್ಲ. ಇಂಥ ಕಡೆ ಕೆಟ್ಟವನು ಕೆಟ್ಟದ್ದನ್ನು ಸುಲಭವಾಗಿ ಮಾಡಬಲ್ಲ, ಒಳ್ಳೆಯವನು ಒಳ್ಳೆಯದನ್ನು ಮಾಡಲಾರ. ಖಳನನ್ನು ಹುಡುಕುವ ಅವಸರದಲ್ಲಿ ಕತೆಗಾರರಾದ ನಾವೂ ವಿಮರ್ಶಕರೂ ಮರೆತದ್ದು ಇದನ್ನೇ.

‘ಬೆಂಕಿ ಮಳೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಒಬ್ಬ ಮುತವಲ್ಲಿ. ಒಡಹುಟ್ಟಿದವಳು ಆಸ್ತಿಯಲ್ಲಿ ತನ್ನ ಪಾಲು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಡಬೇಕಾದ ಹೊತ್ತಿಗೆ, ಹಿಂದೂಗಳ ಮಸಣದಲ್ಲಿ ಮುಸ್ಲಿಮನ ಹೆಣ ಹೂತಿದ್ದಾರೆಂಬ ಸುದ್ದಿ ಬರುತ್ತದೆ, ಆತ ಅದರ ಬೆನ್ನು ಹತ್ತುತ್ತಾನೆ. ನನಗೆ ಈ ಕತೆಯಲ್ಲಿ ಮುಖ್ಯವೆನಿಸಿದ್ದು, ನಮ್ಮ ಸಂಸ್ಥೆಗಳಿಗೆ ಕೈಲಾಗದು ಎಂಬ ಮಾತು ಸುಳ್ಳೆಂದು ಅದು ತೋರಿಸುವುದು. ಕೈಲಾಗುತ್ತದೆ. ಜನ ಕೂಡಿಸಬಲ್ಲರು, ಚಂದಾ ಎತ್ತಬಲ್ಲರು, ಕಚೇರಿ ಅಲೆಯಬಲ್ಲರು. ಮಾನದ ಪ್ರಶ್ನೆ ಬಂದಾಗ ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಶಕ್ತಿಯೂ ಒಟ್ಟಾಗುತ್ತದೆ. ತಂಗಿಯ ಪಾಲು, ಬಿಟ್ಟ ಹೆಂಡತಿಯ ಖರ್ಚು, ಶಾಲೆ ಬಿಟ್ಟ ಹುಡುಗನ ಫೀಸು ಎಂದಾಗ ಮಾತ್ರ ‘ಮುಂದಿನ ಜುಮ್ಮಾ’ ಬರುತ್ತದೆ. ಸತ್ತವನಿಗೆ ಸಿಕ್ಕ ಗಮನ ಬದುಕಿರುವವಳಿಗೆ ಸಿಗುವುದಿಲ್ಲ.

* * *

ನನ್ನ ಖಾಲಾ ಒಬ್ಬರು ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿದ್ದಾರೆ. ಚೆನ್ನಕೇಶವನ ಗುಡಿಯಿಂದ ಹೆಸರಾದ ಊರು ಅದು. ತೆಂಗು, ರಾಗಿಯ ಸೀಮೆ. ಮಳೆ ಕೈಕೊಟ್ಟರೆ ಎಲ್ಲವೂ ಕೈಕೊಟ್ಟಂತೆ. ಕಳೆದ ಸಲ ಹೋದಾಗ ಖಾಲಾ ಸಂಘದ ಸಭೆಗೆ ಹೊರಟಿದ್ದರು. ‘ನೀನೂ ಬಾ ಬೇಟಾ, ಹೊರಗೆ ಜಗಲಿ ಮೇಲೆ ಕೂತಿರುವೆಯಂತೆ’ ಅಂದರು. ಹದಿನೈದು ಹೆಂಗಸರು. ಲಿಂಗಾಯತರು, ಕುರುಬರು, ದಲಿತರು, ಮೂವರು ಮುಸ್ಲಿಮರು. ನಾನು ಕಂಡದ್ದು ಒಂದು ನೋಟುಬುಕ್ಕು. ಮೂಲೆ ಮಡಚಿಕೊಂಡು ಎಣ್ಣೆಯ ಕಲೆ ಹತ್ತಿದ ರಟ್ಟು. ಹೋದ ವಾರದ ನಡಾವಳಿಯನ್ನು ಒಬ್ಬಾಕೆ ದೊಡ್ಡ ದನಿಯಲ್ಲಿ ಓದಿದಳು. ಯಾರು ಬಂದಿದ್ದರು, ಯಾರು ಬಂದಿರಲಿಲ್ಲ, ಯಾರಿಗೆ ಎಷ್ಟು ಕೊಟ್ಟದ್ದು, ಏತಕ್ಕೆ ಕೊಟ್ಟದ್ದು, ಯಾರು ಬೇಡವೆಂದಿದ್ದರು. ಓದಿದ ಮೇಲೆ ಸಹಿ, ಬಾರದವರು ಹೆಬ್ಬೆಟ್ಟು. ಒಬ್ಬಳು ‘ನಾನು ಹೇಳಿದ್ದು ಹಾಗಲ್ಲ’ ಅಂದಳು. ತಿದ್ದಿದರು. ತಿದ್ದಿದ್ದಕ್ಕೂ ಸಹಿ ಹಾಕಿಸಿದರು.

ಹೊರಗೆ ಬಂದಾಗ ಖಾಲಾ ಕೇಳಿದರು: ‘ನಿಮ್ಮ ಮಸೀದಿ ಪುಸ್ತಕಾನ ಯಾರು ಓದ್ತಾರೆ ಬೇಟಾ?’ ನಾನು ಯಾರೂ ಇಲ್ಲ ಎಂದೆ. ‘ಓದೋರಿಲ್ಲ ಅಂದ್ರೆ ಬರೆದು ಏನು ಬಂತು?’ ಎಂದು ಅವರು ಮುಂದೆ ನಡೆದರು.

ಆ ಎಣ್ಣೆ ಹತ್ತಿದ ಪುಸ್ತಕಕ್ಕೆ ನಮ್ಮ ಚಿತ್ರದುರ್ಗ ಸೀಮೆಯಲ್ಲೇ ಒಂದು ಹಿನ್ನೆಲೆಯಿದೆ. 1968ರಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಹುಟ್ಟಿದ ಮೈರಾಡ ಎಂಬ ಸಂಸ್ಥೆ ಮುಂದೆ ಕರ್ನಾಟಕದ ಒಣಸೀಮೆಗಳಲ್ಲಿ ಕೆಲಸಕ್ಕಿಳಿಯಿತು. ಹೊಳಲ್ಕೆರೆಯ ಕಡೆಗೂ ಬಂತು. ಮೊದಲು ಅದು ಕಟ್ಟಿದ್ದು ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು. 1980ರ ದಶಕದ ಮಧ್ಯದ ಹೊತ್ತಿಗೆ ಅವುಗಳಲ್ಲಿ ಹಲವು ಮುರಿದುಬಿದ್ದವು. ಕಾರಣ ನಮಗೆಲ್ಲ ಗೊತ್ತಿರುವುದೇ. ನಾಯಕರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು, ಲೆಕ್ಕ ಸರಿಯಿರಲಿಲ್ಲ. ಆಗ ಹದಿನೈದು ಇಪ್ಪತ್ತು ಜನ, ಪರಸ್ಪರ ನಂಬಿಕೆ ಇರುವವರು, ತಮ್ಮ ಪಾಡಿಗೆ ತಾವು ಚಿಕ್ಕ ಗುಂಪುಗಳಾಗಿ ಕೂರತೊಡಗಿದರು. ಸಂಸ್ಥೆಯವರ ಜಾಣತನವಿದ್ದದ್ದು, ಮುರಿದದ್ದನ್ನು ಮತ್ತೆ ಅಂಟಿಸಲು ಹೋಗದೆ ಜನ ತಾವಾಗಿ ಕಂಡುಕೊಂಡದ್ದಕ್ಕೆ ಬಲ ಕೊಟ್ಟದ್ದರಲ್ಲಿ. 1987ರಲ್ಲಿ ನಬಾರ್ಡ್ ಇಂಥ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. 2000-01ರಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂದು, ಅಂಗನವಾಡಿಗಳ ಮೂಲಕ ಸಂಘ ಎನ್ನುವುದು ಹಳ್ಳಿ ಹಳ್ಳಿಯ ಮಾತಾಯಿತು.

ಇದರಲ್ಲಿ ಹಣಕ್ಕಿಂತ ದೊಡ್ಡದೊಂದು ಪಾಠವಿತ್ತು. ಸಾಲ ಕೊಡುವ ಮೊದಲು ಗುಂಪು ತನ್ನನ್ನು ತಾನು ನಡೆಸಿಕೊಳ್ಳಲು ಕಲಿಯಬೇಕು ಎಂದು ಅವರು ಹಟ ಹಿಡಿದರು. ಸಭೆ ನಡೆಸುವುದು ಹೇಗೆ, ನಿಯಮಗಳನ್ನು ಸದಸ್ಯರೇ ಮಾಡಿಕೊಳ್ಳುವುದು ಹೇಗೆ, ಲೆಕ್ಕ ಬರೆಯುವುದು, ಬರೆದದ್ದನ್ನು ಹೊರಗಿನವರಿಂದ ತಪಾಸಣೆ ಮಾಡಿಸುವುದು, ಜಗಳ ಬಂದರೆ ಬಗೆಹರಿಸುವುದು, ನಾಯಕತ್ವ ಒಬ್ಬರಲ್ಲೇ ನಿಲ್ಲದಂತೆ ನೋಡಿಕೊಳ್ಳುವುದು. ತಿಂಗಳುಗಟ್ಟಲೆ ಇವೇ ಪಾಠಗಳು. ಸರಕಾರದ ಭಾಷೆಯಲ್ಲಿ ಇದಕ್ಕೆ ‘ಸಾಮರ್ಥ್ಯ ವರ್ಧನೆ’ ಎಂದು ಹೆಸರು. 2002ರಿಂದ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲೂ ಇದೇ ಮಾತು ಬಂತು. ಬದು ಹಾಕುವ ಮೊದಲು ಸಂಘ ಕಟ್ಟಬೇಕಿತ್ತು.

ಈ ಪದದ ಬಗ್ಗೆ ನನಗೆ ಸಂಶಯವೂ ಇದೆ. ಇವತ್ತು ಸಾಮರ್ಥ್ಯ ವರ್ಧನೆ ಎಂದರೆ ಜಿಲ್ಲಾ ಕೇಂದ್ರದ ಒಂದು ಹಾಲು, ಹಿಂದೆ ಒಂದು ಬ್ಯಾನರು, ಕೈಗೊಂದು ಫೈಲು, ಮಧ್ಯಾಹ್ನದ ಊಟ, ಸಂಜೆ ಗುಂಪು ಫೋಟೋ. ಬಂದವರು ಕಲಿತದ್ದೇನು ಎಂದು ಆರು ತಿಂಗಳು ಕಳೆದ ಮೇಲೆ ಕೇಳುವವರಿಲ್ಲ. ನಮ್ಮ ಸಮುದಾಯದ ಸಂಸ್ಥೆಗಳೂ ಇಂಥ ಕಾರ್ಯಾಗಾರಗಳನ್ನು ಮಾಡತೊಡಗಿವೆ. ಸಾಮರ್ಥ್ಯ ಬರುವುದು ಭಾಷಣದಿಂದಲ್ಲ. ವಾರಕ್ಕೊಮ್ಮೆ ಕೂತು, ಬರೆದು, ಓದಿ, ‘ನಾನು ಹೇಳಿದ್ದು ಹಾಗಲ್ಲ’ ಎಂದು ಒಬ್ಬಳು ಅನ್ನುವುದಕ್ಕೆ ಜಾಗ ಇಟ್ಟು, ವರ್ಷಗಟ್ಟಲೆ ಅದೇ ಕೆಲಸ ಮಾಡಿದಾಗ.

* * *

ಕರಾವಳಿಯ ಮುಸ್ಲಿಮರನ್ನು ನೋಡಿ ಕಲಿಯಿರಿ ಎಂದು ನಮಗೆ ಆಗಾಗ ಉಪದೇಶ ಸಿಗುತ್ತದೆ. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಿಂದ ನಡೆದುಬಂದಿದೆ. ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನರು 1966ರಲ್ಲಿ ಕಟ್ಟಿದ ಅಲ್-ಅಮೀನ್ 2021ರಲ್ಲಿ ಅವರು ತೀರಿಹೋದ ಮೇಲೂ ಇದೆ. ಈ ದೊಡ್ಡ ಸಂಸ್ಥೆಗಳಿಂದ ಕಲಿಯುವುದು ಇದೆ, ನಿಜ. ಆದರೆ ಅವುಗಳ ಬೆನ್ನಿಗೆ ವ್ಯಾಪಾರದ ಹಣವಿದೆ, ಗಲ್ಫಿನ ದುಡಿಮೆಯಿದೆ, ನಗರದ ಓದಿದ ವರ್ಗವಿದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಳ್ಳಿಗಳಲ್ಲಿ ಮುಸ್ಲಿಮರು ಇಲ್ಲಿ ಹತ್ತು ಮನೆ, ಅಲ್ಲಿ ಇಪ್ಪತ್ತು ಮನೆ. ಹೊಲಿಗೆ, ಗ್ಯಾರೇಜು, ತೆಂಗಿನಕಾಯಿ ಸುಲಿಯುವುದು, ಹಣ್ಣಿನ ಗಾಡಿ, ಕೂಲಿ. ಇಲ್ಲಿನ ಮಸೀದಿಗೆ ಪೇಶ್ ಇಮಾಮರ ಸಂಬಳ ಹೊಂದಿಸುವುದೇ ತಿಂಗಳ ಚಿಂತೆ. ಕುರ್ಬಾನಿ ಚರ್ಮದಿಂದ ಬರುತ್ತಿದ್ದ ಆದಾಯವೂ ಚರ್ಮದ ಬೆಲೆ ಬಿದ್ದ ಮೇಲೆ ಹೋಯಿತು. ಇಂಥ ಕಡೆ ಯಾವುದು ಸಾಧ್ಯ ಎನ್ನುವುದೇ ಪ್ರಶ್ನೆ.

ಇದರಲ್ಲಿ ಭಾಷೆಯ ಒಂದು ತೊಡಕಿದೆ. ನಾನು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಹೈಸ್ಕೂಲಿಗೆ ಕನ್ನಡಕ್ಕೆ ಬಂದವನು. ನಮ್ಮ ಕಡೆಯ ಹಳೆಯ ಕಮಿಟಿಗಳ ಪುಸ್ತಕಗಳು ಚೆಂದದ ಉರ್ದುವಿನಲ್ಲಿವೆ. ಅವನ್ನು ಓದುವಾಗ ನನಗೆ ಪ್ರೀತಿ ಉಕ್ಕುತ್ತದೆ. ಆದರೆ ಅವುಗಳನ್ನು ಓದಬಲ್ಲವರು ಈಗ ಎಷ್ಟು ಮಂದಿ? ನಮ್ಮ ಮಕ್ಕಳು ಕನ್ನಡ, ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ಬಯಲುಸೀಮೆಯ ಪಿಂಜಾರರ ಮನೆಮಾತೇ ಕನ್ನಡ. ಅವರು ಅದೇ ಮಸೀದಿಗೆ ಚಂದಾ ಕೊಡುತ್ತಾರೆ, ಲೆಕ್ಕ ಓದಲಾರರು. ಬ್ಯಾಂಕಿಗೆ, ವಕ್ಫ್ ಕಚೇರಿಗೆ, ಪಂಚಾಯಿತಿಗೆ ಉರ್ದು ಪುಸ್ತಕ ನಡೆಯುವುದಿಲ್ಲ. ಉರ್ದು ನಮ್ಮ ಎದೆಯ ಭಾಷೆಯಾಗಿಯೇ ಇರಲಿ. ಲೆಕ್ಕದ ಭಾಷೆ ಮಾತ್ರ ಲೆಕ್ಕ ಕೇಳಬೇಕಾದವರಿಗೆ ತಿಳಿಯುವಂಥದ್ದಾಗಿರಬೇಕು. ಇದನ್ನು ಹೇಳಿದಾಗ ಉರ್ದುವಿನ ಮೇಲೆ ನನಗೆ ಅಭಿಮಾನವಿಲ್ಲವೆಂದು ಹಿರಿಯರೊಬ್ಬರು ಮುನಿಸಿಕೊಂಡರು. ಬಾಗೂರಿನ ಆ ಪುಸ್ತಕವನ್ನು ಬರೆಯುತ್ತಿದ್ದವಳು ಒಬ್ಬ ಮುಸ್ಲಿಂ ಹುಡುಗಿ, ಪಿಯುಸಿ ಓದಿದವಳು, ಅಚ್ಚ ಕನ್ನಡದಲ್ಲಿ. ಹದಿನೈದು ಮನೆಗಳ ಗುಟ್ಟನ್ನು ನಂಬಿ ಅವಳ ಕೈಗೆ ಕೊಟ್ಟಿದ್ದಾರೆ. ನಮ್ಮ ಯಾವ ಕಮಿಟಿ ಅವಳಿಗೆ ಪೆನ್ನು ಕೊಟ್ಟೀತು?

ಬರೆಯುವುದು ಪರಕೀಯ ಪದ್ಧತಿ, ನಮ್ಮದು ನಂಬಿಕೆಯ ಮೇಲೆ ನಡೆಯುವ ಸಮಾಜ ಎನ್ನುವ ವಾದವೂ ಇದೆ. ನಂಬಿಕೆಯ ಮೇಲೆ ನಡೆಯುವುದನ್ನು ನಾನು ಹಗುರ ಮಾಡುವುದಿಲ್ಲ. ನಮ್ಮ ಹಳ್ಳಿಗಳ ಬಾಬಯ್ಯನ ಹಬ್ಬ ಯಾವ ರಿಜಿಸ್ಟರಿನ ಬಲದಿಂದಲೂ ನಡೆಯುವುದಿಲ್ಲ. ಹಿಂದೂ ಮನೆಯವರು ಸೌದೆ ತರುತ್ತಾರೆ, ಸಾಬರು ಪಂಜಾ ಕೂರಿಸುತ್ತಾರೆ, ಮುಸ್ಲಿಮರೇ ಇಲ್ಲದ ಊರುಗಳಲ್ಲೂ ಅಲಾಯಿ ಕುಣಿ ತೆಗೆಯುತ್ತಾರೆ. ಆದರೆ ಹಬ್ಬದಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಿರುತ್ತಾರೆ. ಹಣ ಮತ್ತು ಹಕ್ಕಿನ ವಿಷಯ ಹಾಗಲ್ಲ. ಅಲ್ಲಿ ದುರ್ಬಲರು ಒಬ್ಬಂಟಿಯಾಗಿರುತ್ತಾರೆ. ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದರ ಬಗ್ಗೆ ಎಂದು ಕೇಳಿದರೆ ನಮ್ಮಲ್ಲಿ ಹಲವರು ತಡವರಿಸುತ್ತಾರೆ. ಅದು ನಮಾಜಿನ ಬಗ್ಗೆ ಅಲ್ಲ, ರೋಜಾದ ಬಗ್ಗೆ ಅಲ್ಲ. ಸಾಲ ಕೊಟ್ಟು ತೆಗೆದುಕೊಳ್ಳುವಾಗ ಬರೆದುಕೊಳ್ಳಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದು, ಬರೆಯುವವನಿಗೆ ತೊಂದರೆ ಕೊಡಬಾರದು ಎಂಬುದರ ಬಗ್ಗೆ. ಲೆಕ್ಕದ ಪುಸ್ತಕವನ್ನು ಹೊರಗಿನಿಂದ ತರಬೇಕಾಗಿಲ್ಲ. ನಾವು ಮರೆತದ್ದನ್ನು ಹಳ್ಳಿಯ ಹೆಂಗಸರು ನೆನಪಿಟ್ಟುಕೊಂಡಿದ್ದಾರೆ ಅಷ್ಟೆ.

ಬಡ್ಡಿಯ ತಕರಾರು ಇದಕ್ಕಿಂತ ಗಂಭೀರವಾದದ್ದು. ಸಂಘದ ಸಾಲದಲ್ಲಿ ಬಡ್ಡಿ ಇದೆ, ಆದ್ದರಿಂದ ನಮ್ಮ ಹೆಂಗಸರು ಸೇರಬಾರದು ಎಂದು ಬಯಾನುಗಳಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ನಂಬಿಕೆಯ ಪ್ರಶ್ನೆ ಇದು; ತಳ್ಳಿಹಾಕುವಂತಿಲ್ಲ. ಆದರೆ ಹಾಗೆ ಹೇಳಿದವರು ಬಡ್ಡಿಯಿಲ್ಲದ ಕರ್ಜೆ ಹಸನದ ಒಂದು ಗುಂಪನ್ನು ಆ ಓಣಿಯಲ್ಲಿ ಕಟ್ಟಿದರೆ? ಬಡ್ಡಿಯಿಲ್ಲದ ಸಾಲದ ಸಂಘಗಳು ದೇಶದ ಹಲವು ಕಡೆ ನಡೆಯುತ್ತಿವೆ. ಅವಕ್ಕೂ ಬೇಕಾದದ್ದು ಅದೇ ಪುಸ್ತಕ, ಅದೇ ವಾರದ ಸಭೆ. ಹರಾಂ ಎಂದು ಹೇಳುವುದಕ್ಕೆ ಒಂದು ನಿಮಿಷ ಸಾಕು. ಹಲಾಲಾದ ದಾರಿಯನ್ನು ಕಟ್ಟಿ ಕೊಡುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನು ಕೊಡದೆ ತೀರ್ಪು ಕೊಟ್ಟರೆ, ಬಡವಿ ಹೋಗುವುದು ಮೀಟರ್ ಬಡ್ಡಿಯವನ ಹತ್ತಿರ.

ಹಾಗೆಂದು ಸಂಘಗಳನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಗುಂಪು ಎಂದರೆ ಸಾಲ ವಸೂಲಿಯ ಸಾಲು ಎಂದಾಗಿಬಿಟ್ಟ ಕಡೆಗಳಲ್ಲಿ ಹೆಂಗಸರು ಒಬ್ಬರಿಗೊಬ್ಬರು ಪೊಲೀಸರಾದರು. ಖಾಸಗಿ ಕಿರುಸಾಲದವರ ಕಿರುಕುಳಕ್ಕೆ ಊರು ಬಿಟ್ಟವರ ಸುದ್ದಿಗಳು ಬಂದು, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಪುಸ್ತಕ ಸದಸ್ಯರ ಕೈಯಲ್ಲಿದ್ದರೆ ಒಂದು ಮಾತು, ಸಾಲ ಕೊಟ್ಟವನ ಕೈಯಲ್ಲಿದ್ದರೆ ಇನ್ನೊಂದು ಮಾತು. ಯಾರು ಬರೆಯುತ್ತಾರೆ, ಯಾರ ಮುಂದೆ ಓದುತ್ತಾರೆ ಎಂಬುದರಲ್ಲೇ ಎಲ್ಲ ಇದೆ.

* * *

ನಮಗೆ ಆಗುವುದಿಲ್ಲವೆ? 2020ರಲ್ಲಿ ಆಗಿತ್ತು. ಲಾಕ್‌ಡೌನ್ ಆದ ವಾರ ನಮ್ಮ ಓಣಿಯ ಹುಡುಗರು ಮನೆಮನೆಗೆ ಹೋಗಿ ಪಟ್ಟಿ ಮಾಡಿದರು. ಯಾರ ಮನೆಯಲ್ಲಿ ಅಕ್ಕಿಯಿಲ್ಲ, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು, ಯಾರು ಒಂಟಿ ಮುದುಕಿ. ಮುಸ್ಲಿಮರು ಯಾರು, ಅಲ್ಲದವರು ಯಾರು ಎಂಬ ಕಾಲಂ ಆ ಪಟ್ಟಿಯಲ್ಲಿರಲಿಲ್ಲ. ಬೆಂಗಳೂರಿನಲ್ಲಿ ಹಲವು ಸಂಸ್ಥೆಗಳು ಸೇರಿ ಮರ್ಸಿ ಮಿಷನ್ ಹೆಸರಿನಲ್ಲಿ ಎಲ್ಲ ಧರ್ಮದವರ ಶವಗಳಿಗೆ ಗೌರವದ ವಿದಾಯ ಕೊಟ್ಟವು. ಮನೆಯವರೇ ಮುಟ್ಟಲು ಹೆದರಿದ ಹೊತ್ತು ಅದು. ನಮ್ಮ ಓಣಿಯ ಪಟ್ಟಿ ಏನಾಯಿತು? ಅಂಗಡಿಗಳು ತೆರೆದವು, ಹುಡುಗರು ಕೆಲಸಕ್ಕೆ ಹೋದರು, ಪಟ್ಟಿ ಯಾರದೋ ಮೊಬೈಲಿನಲ್ಲಿತ್ತು, ಆ ಮೊಬೈಲು ಕೆಟ್ಟಿತು. ಒಂಟಿ ಮುದುಕಿ ಈಗಲೂ ಒಂಟಿಯಾಗಿದ್ದಾಳೆ. ಮರುದಿನದ ತಾಳ್ಮೆಯೇ ನಮ್ಮಲ್ಲಿ ಕಡಿಮೆ.

ದೊಡ್ಡ ಮಟ್ಟದಲ್ಲೂ ಕತೆ ಇದೇ. 2006ರ ಸಾಚಾರ್ ಸಮಿತಿ ವರದಿ ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿವೆ, ಅವುಗಳಿಂದ ಬರುವ ವರ್ಷದ ಆದಾಯ ಸುಮಾರು 163 ಕೋಟಿ, ಸರಿಯಾಗಿ ನೋಡಿಕೊಂಡರೆ 12,000 ಕೋಟಿ ಬರಬಹುದು ಎಂದಿತ್ತು. ಈ ಅಂಕಿಗಳನ್ನು ವೇದಿಕೆಗಳಲ್ಲಿ ನಾವೆಲ್ಲ ಹೇಳಿದೆವು. ತಂತಮ್ಮ ಊರಿನ ವಕ್ಫ್ ಜಮೀನಿನ ಪಹಣಿ ಯಾರ ಮನೆಯ ಪೆಟ್ಟಿಗೆಯಲ್ಲಿದೆ ಎಂದು ಕೇಳಲಿಲ್ಲ. 2025ರಲ್ಲಿ ವಕ್ಫ್ ಕಾಯ್ದೆ ತಿದ್ದುಪಡಿಯಾಗಿ, ಜೂನ್ ತಿಂಗಳಲ್ಲಿ ಉಮೀದ್ ಪೋರ್ಟಲ್ ಶುರುವಾಗಿ, ಆರು ತಿಂಗಳಲ್ಲಿ ಎಲ್ಲ ಆಸ್ತಿಗಳ ವಿವರ ಹಾಕಬೇಕೆಂದಾಗ ಆ ಪೆಟ್ಟಿಗೆ ನೆನಪಾಯಿತು. ಆ ಕಾಯ್ದೆಯ ಬಗ್ಗೆ ಸಮುದಾಯಕ್ಕಿರುವ ಆತಂಕ ಸಕಾರಣವಾದದ್ದು, ನ್ಯಾಯಾಲಯದಲ್ಲಿ ಅದರ ಹೋರಾಟ ನಡೆದಿದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಪುಸ್ತಕವನ್ನು ನಾವೇ ಸರಿಯಾಗಿ ಬರೆದಿಟ್ಟಿದ್ದರೆ, ಇನ್ನೊಬ್ಬರು ಪುಸ್ತಕ ತೆರೆದು ಪ್ರಶ್ನೆ ಕೇಳಿದಾಗ ಇಷ್ಟು ತಬ್ಬಿಬ್ಬಾಗುತ್ತಿರಲಿಲ್ಲ.

ಏನು ಮಾಡಬಹುದು ಎಂದರೆ ದೊಡ್ಡ ಯೋಜನೆ ನನ್ನಲ್ಲಿಲ್ಲ. ಒಂದು ಅರ್ಜಿ ಪುಸ್ತಕ ಇಡಬಹುದು. ಬಂದವರ ಕಷ್ಟ, ಬಂದ ತಾರೀಖು, ಕಮಿಟಿ ಕೊಟ್ಟ ಉತ್ತರ ಅದರಲ್ಲಿರಲಿ, ಗುಟ್ಟಿನ ವಿಷಯಗಳಿಗೆ ಹೆಸರಿನ ಬದಲು ನಂಬರು ಇರಲಿ. ತಿಂಗಳಿಗೊಮ್ಮೆ ಜಮಾ-ಖರ್ಚನ್ನು ಕನ್ನಡದಲ್ಲಿ ಬರೆದು ಮಸೀದಿಯ ಬಾಗಿಲಿಗೆ ಅಂಟಿಸಬಹುದು. ಮುತವಲ್ಲಿಯ ಅವಧಿಗೆ ಮಿತಿ ಇರಲಿ, ಮುಂದೆ ಬರುವವರಿಗೆ ಕೆಲಸ ಕಲಿಸುವುದೂ ಹಿಂದಿನವರ ಹೊಣೆಯಾಗಲಿ. ಹೆಣ್ಣುಮಕ್ಕಳ ದೂರು ಕೇಳಲು ಜುಲೇಖಾ ಬೇಗಂ ಅಂಥವರು ಕಮಿಟಿಯ ಒಳಗೇ ಕೂರಲಿ, ಪರದೆಯ ಆಚೆ ಕೂತರೂ ಸರಿ, ಅವರ ಸಹಿಯಿಲ್ಲದೆ ತೀರ್ಮಾನ ಆಗದಿರಲಿ. ಕಮಿಟಿಯ ಕೈಮೀರಿದ್ದನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸುವ ದಾರಿ ಗೊತ್ತಿರಲಿ. ಬಡ ಹೆಂಗಸಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ ಸಿಗುತ್ತದೆಂಬುದು ಎಷ್ಟೋ ಸದರುಗಳಿಗೆ ತಿಳಿದಿಲ್ಲ. ಇದಕ್ಕೆಲ್ಲ ಬೇಕಾದದ್ದು ಮಿನಾರಿನ ಬಣ್ಣದ ಖರ್ಚಿಗಿಂತ ಕಡಿಮೆ.

ಕತೆಗಾರರಾದ ನಮಗೂ ಇದರಲ್ಲಿ ಕೆಲಸವಿದೆ. ಬಾನು ಮುಷ್ತಾಕ್ ಕತೆ ಬರೆದದ್ದಷ್ಟೇ ಅಲ್ಲ, ಹಾಸನದಲ್ಲಿ ವಕೀಲರಾಗಿ ಹೆಂಗಸರ ಕೇಸುಗಳನ್ನು ನಡೆಸಿದರು, ನಗರಸಭೆಯ ಸದಸ್ಯೆಯಾಗಿ ಕೂತರು. ಅವರ ಕತೆಗಳಲ್ಲಿ ಹೆಂಗಸರ ಮಾತಿಗೆ ಇರುವ ತೂಕ ಆ ಕೆಲಸದಿಂದಲೂ ಬಂದದ್ದು ಎಂದು ನನಗೆ ಅನಿಸುತ್ತದೆ. ನಾವು ಅನೇಕರು ಕತೆಯ ಅರ್ಧವನ್ನಷ್ಟೇ ತೆಗೆದುಕೊಂಡೆವು. ಮುತವಲ್ಲಿಯನ್ನು ಬಯ್ಯುವುದು ಕಲಿತೆವು, ಕುರ್ಚಿಯ ಪಕ್ಕದಲ್ಲಿ ಒಂದು ಪುಸ್ತಕ ಇಡುವುದನ್ನು ಕಲಿಯಲಿಲ್ಲ.

ಈ ವರ್ಷ ನಮ್ಮ ಕಮಿಟಿಗೆ ಮತ್ತೆ ಹೋಗಿದ್ದೆ. ಇನ್ನೂರು ಪುಟದ ಒಂದು ರಿಜಿಸ್ಟರು ಕೊಂಡೊಯ್ದೆ. ಹೊಸ ಸದರ್ ನನಗಿಂತ ಚಿಕ್ಕವರು. ಅವರು ಬೇಡವೆನ್ನಲಿಲ್ಲ, ಬೀರುವಿನ ಮೇಲೆ ಇಡಿ ಅಂದರು. ನಾನು ಮೇಜಿನ ಮೇಲೆ ಇಟ್ಟು ಮೊದಲ ಸಾಲು ಬರೆದು ಬಂದೆ. ಸುಮಾರು ಹದಿನೈದು ವರ್ಷಗಳ ಹಿಂದೆ ಎರಡು ಮಕ್ಕಳೊಡನೆ ಬಂದ ಒಬ್ಬ ಹೆಣ್ಣುಮಗಳು, ಗಂಡನಿಂದ ಖರ್ಚು ಕೊಡಿಸಬೇಕೆಂದು ಕೇಳಿದ್ದಾಳೆ. ಹೆಸರು ಗೊತ್ತಿಲ್ಲ. ಉತ್ತರ ಕೊಟ್ಟಿಲ್ಲ.